ಆಲ್ಟ್ ಟ್ಯಾಬ್ ಒತ್ತಿದ್ರೆ ಎಲ್ಲಿಗೆ ಹೋಗ್ತೀವಿ: ಮೂರು ಸಿಸ್ಟಮ್ ಬಳಸಿದ ಮೇಲೆ ನನ್ನ ರಿವ್ಯೂ

ವಿಂಡೋಸ್, ಮ್ಯಾಕ್, ಲಿನಕ್ಸಲ್ಲಿ ಗ್ನೋಮ್ (ಲಿನಕ್ಸಿನ ಒಂದು ಡೆಸ್ಕ್‌ಟಾಪ್), ಮೂರನ್ನೂ ಕೆಲಸಕ್ಕೆ ಬಳಸ್ತೀನಿ. ಸ್ಪೀಡು, ಸ್ಕ್ರೀನು, ಬ್ಯಾಟರಿ ಬಗ್ಗೆ ಎಲ್ರೂ ಬರೀತಾರೆ, ನಾನು ಒಂದೇ ವಿಷಯ ಹಿಡ್ಕೊಂಡಿದೀನಿ, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗೋದು. ನಂದು ಅನುವಾದದ ಕೆಲಸ. ಮೂಲ ಒಂದು ಫೈಲಲ್ಲಿ, ಬರೀತಿರೋದು ಇನ್ನೊಂದು ಫೈಲಲ್ಲಿ, ನಿಘಂಟು ಬ್ರೌಸರಲ್ಲಿ, ದಿನವಿಡೀ ಈ ಮೂರರ ಮಧ್ಯೆ ಓಡಾಟ. ಮನಸ್ಸು ವಾಕ್ಯದಲ್ಲಿರ್ಬೇಕು, ದಾರಿ ಬೆರಳಿಗೇ ಗೊತ್ತಿರ್ಬೇಕು, ಪ್ರತಿ ಸಲ ಎಲ್ಲಿಗೆ ಬಂದೆ ಅಂತ ನೋಡೋ ಹಾಗಾದ್ರೆ ಬರೀತಿದ್ದ ಪದ ಮರ್ತೇ ಹೋಗತ್ತೆ.

ನನ್ನ ಪ್ರಕಾರ ವಿಂಡೋಸೇ ಇದ್ರಲ್ಲಿ ಮುಂದೆ. ಆಲ್ಟ್ ಹಿಡ್ದು ಟ್ಯಾಬ್ ಒಂದ್ಸಲ ತಟ್ಟಿದ್ರೆ ಈಗಷ್ಟೇ ಬಿಟ್ಟು ಬಂದ ವಿಂಡೋ, ಮತ್ತೆ ತಟ್ಟಿದ್ರೆ ವಾಪಸ್ ಇಲ್ಲಿಗೇ, ಅದು ಯಾವ ಪ್ರೋಗ್ರಾಮಿಂದು ಅನ್ನೋ ಲೆಕ್ಕವೇ ಇಲ್ಲ, ಎರಡೂ ವರ್ಡ್ ಫೈಲೇ ಆಗಿದ್ರೂ ಕೆಲಸ ಅದೇ ಥರ. ಗಮನಿಸ್ಬೇಕಾದ್ದು ಎರಡು. ಮಿನಿಮೈಸ್ ಮಾಡಿದ ವಿಂಡೋ ಆಲ್ಟ್ ಟ್ಯಾಬ್ ತೋರ್ಸೋ ಸಾಲಿನ ಹಿಂದಕ್ಕೆ ಹೋಗ್ಬಿಡತ್ತೆ, ಅದಕ್ಕೇ ನಾನು ಮಿನಿಮೈಸ್ ಮಾಡೋದನ್ನೇ ಬಿಟ್ಟೆ. ಇನ್ನೊಂದು, 2020ರ ಅಕ್ಟೋಬರ್ ಅಪ್ಡೇಟಿಂದ ಎಡ್ಜ್ ಬ್ರೌಸರಿನ ಟ್ಯಾಬುಗಳೂ ವಿಂಡೋಗಳ ಸಾಲಲ್ಲೇ ಸೇರ್ಕೊಂಡ್ವು. ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್ ಒಳಗೆ ಹೋಗಿ ಆಫ್ ಮಾಡ್ಕೊಳ್ಳಿ, ಸಾಲು ಮತ್ತೆ ಸ್ವಚ್ಛ ಆಗತ್ತೆ.

ಮ್ಯಾಕಲ್ಲಿ ಕಮಾಂಡ್ ಟ್ಯಾಬ್ ಒತ್ತಿದ್ರೆ ಬದಲಾಗೋದು ಪ್ರೋಗ್ರಾಮು, ವಿಂಡೋ ಅಲ್ಲ. ಒಂದೇ ಪ್ರೋಗ್ರಾಮಿನ ಎರಡು ಫೈಲ್ ಮಧ್ಯೆ ಹೋಗೋಕೆ ಬೇರೆ ಕೀ, ಕಮಾಂಡ್ ಜೊತೆ ಟ್ಯಾಬಿನ ಮೇಲಿರೋದು. ಅಂದ್ರೆ ಮೂಲಕ್ಕೆ ಹೋಗೋಕೆ ಒಂದು ಕೀ, ನಿಘಂಟಿಗೆ ಇನ್ನೊಂದು, ಒತ್ತೋಕೆ ಮುಂಚೆ ಯೋಚನೆ ಮಾಡ್ಬೇಕು. ನಂಗೆ ಇದು ಬಹಳ ಭಾರ ಅನ್ಸತ್ತೆ. ಪ್ರೋಗ್ರಾಮಿಗೆ ಹೋದ ತಕ್ಷಣ ಅದರ ಎಲ್ಲ ವಿಂಡೋನೂ ಒಟ್ಟಿಗೆ ಮುಂದೆ ಬಂದು ಪಕ್ಕದಲ್ಲಿಟ್ಟಿದ್ದ ನಿಘಂಟನ್ನ ಮುಚ್ಚಿಬಿಡತ್ವೆ. ಮಿನಿಮೈಸ್ ಆಗಿರೋದಂತೂ ಬರೋದೇ ಇಲ್ಲ, ಕಮಾಂಡ್ ಬಿಡೋ ಮುಂಚೆ ಆಪ್ಷನ್ ಕೀ ಹಿಡೀಬೇಕು, ಇದು ಗೊತ್ತಾಗೋಕೆ ನಂಗೆ ತಿಂಗಳುಗಳೇ ಬೇಕಾದ್ವು.

ಗ್ನೋಮ್ 2011ರಲ್ಲಿ 3ನೇ ಆವೃತ್ತಿ ಬಂದಾಗ ಹೆಚ್ಚುಕಮ್ಮಿ ಮ್ಯಾಕ್ ದಾರಿನೇ ಹಿಡೀತು, ಆದ್ರೆ ಬದಲಾಯಿಸ್ಕೊಳ್ಳೋಕೆ ಜಾಗ ಕೊಟ್ಟಿದಾರೆ. ಕೀಬೋರ್ಡ್ ಶಾರ್ಟ್‌ಕಟ್ಸಲ್ಲಿ ‘ಸ್ವಿಚ್ ವಿಂಡೋಸ್’ ಅನ್ನೋದಕ್ಕೆ ಆಲ್ಟ್ ಟ್ಯಾಬ್ ಕೊಟ್ರೆ ಆಯ್ತು, ಒಂದ್ಸಲದ ಕೆಲಸ.

ಇಷ್ಟೆಲ್ಲ ಸಿಸ್ಟಮ್ ಮಟ್ಟದಲ್ಲಿ. ಪ್ರೋಗ್ರಾಮ್ ಒಳಗೆ ಹೋದ್ರೆ ಒಬ್ರಿಗೊಬ್ರು ಮಾತಾಡ್ಕೊಂಡೇ ಇಲ್ಲ ಅನ್ಸತ್ತೆ. ಕಂಟ್ರೋಲ್ ಟ್ಯಾಬ್ ಒಂದನ್ನೇ ತಗೊಳ್ಳಿ. ಕ್ರೋಮಲ್ಲಿ ಬಲಗಡೆಯ ಟ್ಯಾಬಿಗೆ ಹೋಗತ್ತೆ, ಕೋಡ್ ಬರೆಯೋರು ಬಳಸೋ ವಿಎಸ್ ಕೋಡಲ್ಲಿ ಕೊನೇಲಿ ನೋಡಿದ ಫೈಲಿಗೆ, ಫೈರ್‌ಫಾಕ್ಸಲ್ಲಿ ಎರಡ್ರಲ್ಲಿ ಯಾವ್ದು ಬೇಕೋ ಸೆಟ್ಟಿಂಗ್ಸಲ್ಲಿ ಟಿಕ್ ಹಾಕ್ಕೋಬಹುದು. ಎಕ್ಸೆಲಲ್ಲಿ ಬೇರೆ ಫೈಲಿಗೆ ಹೋಗತ್ತೆ, ಶೀಟ್ ಬದಲಾಯಿಸೋಕೆ ಕಂಟ್ರೋಲ್ ಪೇಜ್‌ಡೌನ್. ಅದೇ ವರ್ಡಲ್ಲಿ ಟೇಬಲ್ ಒಳಗೆ ಒತ್ತಿದ್ರೆ ಎಲ್ಲಿಗೂ ಹೋಗಲ್ಲ, ಬರವಣಿಗೆ ಮಧ್ಯೆ ಒಂದು ಟ್ಯಾಬ್ ಜಾಗ ಬಂದು ಕೂರತ್ತೆ, ಫೈಲ್ ಬದಲಾಯಿಸೋಕೆ ಅಲ್ಲಿ ಕಂಟ್ರೋಲ್ ಎಫ್6. ಎಡದಿಂದ ಬಲಕ್ಕೆ ಹೋಗೋ ಕ್ರಮ ಕಣ್ಣಿಗೆ ಚೆನ್ನ, ಒಪ್ತೀನಿ, ನಾಲ್ಕೈದು ಟ್ಯಾಬ್ ಇದ್ದಾಗ ಅದು ಸಾಕು ಕೂಡ, ಆದ್ರೆ ಇಪ್ಪತ್ತು ತೆರೆದಿಟ್ಟಾಗ ಮೂರನೇದು ಮತ್ತು ಹದಿನೇಳನೇದರ ಮಧ್ಯೆ ಓಡಾಡೋರಿಗೆ ಅದು ಕೈ ಕೊಡತ್ತೆ.

ನಂಗೆ ನಿಜವಾಗ್ಲೂ ಸಿಟ್ಟು ಬರೋದು ಕರೀದೆ ಮುಂದೆ ಬರೋ ವಿಂಡೋಗಳ ಮೇಲೆ. ಒಂದ್ಸಲ ಪಾಸ್‌ವರ್ಡ್ ಹಾಕ್ತಿದ್ದೆ, ಮಧ್ಯದಲ್ಲಿ ಒಂದು ಚಾಟ್ ಪ್ರೋಗ್ರಾಮ್ ಎದ್ದು ಬಂತು, ಉಳಿದ ಅರ್ಧ ಅಕ್ಷರಗಳು ಅದ್ರಲ್ಲಿ ಬಿದ್ವು, ಎಂಟರೂ ಒತ್ತಾಗಿತ್ತು, ಇಡೀ ಗುಂಪಿಗೆ ಹೋಯ್ತು. ತಕ್ಷಣ ಪಾಸ್‌ವರ್ಡ್ ಬದಲಾಯಿಸ್ದೆ, ಆದ್ರೂ ಆ ದಿನವೆಲ್ಲ ಸಮಾಧಾನ ಇರ್ಲಿಲ್ಲ. ಹಿಂದೆ ಇರೋ ಪ್ರೋಗ್ರಾಮ್ ತಾನಾಗೇ ಮುಂದೆ ಬರ್ಬಾರ್ದು, ಟಾಸ್ಕ್‌ಬಾರಲ್ಲಿ ಮಿನುಗಿದ್ರೆ ಸಾಕು ಅಂತ ವಿಂಡೋಸಲ್ಲಿ ತಡೆ ಇದೆ, ಆದ್ರೂ ಸುತ್ತುದಾರಿ ಹುಡುಕ್ಕೊಂಡು ಬರೋವು ಇದಾವೆ. ಲಿನಕ್ಸಿನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಬಳಸೋರಿಗೆ ಈ ತಡೆ ಎಷ್ಟು ಬಿಗಿ ಇರ್ಬೇಕು ಅಂತ ತಾವೇ ಹಂತ ಆರಿಸ್ಕೊಳ್ಳೋ ಸೌಲಭ್ಯ ಇದೆ, ಅದು ಎಲ್ಲ ಕಡೆ ಬರ್ಬೇಕು.

ಐದಕ್ಕೆ ವಿಂಡೋಸಿಗೆ ನಾಲ್ಕು, ಕೀ ಬದಲಾಯಿಸಿದ ಗ್ನೋಮಿಗೂ ನಾಲ್ಕು, ಮ್ಯಾಕಿಗೆ ಎರಡೂವರೆ. ಸದ್ಯಕ್ಕೆ ನಿಘಂಟನ್ನ ಬ್ರೌಸರ್ ಟ್ಯಾಬಿಂದ ಎಳ್ದು ಬೇರೆ ವಿಂಡೋ ಮಾಡಿಟ್ಕೊಂಡಿದೀನಿ, ಮೂಲ, ಅನುವಾದ, ನಿಘಂಟು ಮೂರಕ್ಕೂ ಆಲ್ಟ್ ಟ್ಯಾಬ್ ಒಂದೇ ಸಾಕು, ಕಂಟ್ರೋಲ್ ಟ್ಯಾಬ್ ಮುಟ್ಟೋದೇ ಇಲ್ಲ.