ಎಂಟು ಸುಗ್ಗಿಯ ತೊಗರಿ ಬ್ಯಾಳಿ: ಖಾನಾವಳಿ ಒಲೆಯ ಮೇಲೆ ಕಂಡದ್ದು

ನಮ್ಮದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಸಣ್ಣ ಖಾನಾವಳಿ. ದಿನಕ್ಕೆ ಹೆಚ್ಚುಕಡಿಮೆ ನೂರು ಊಟ. ಪಲ್ಯ ದಿನಕ್ಕೊಂದು ಬದಲಾಗುತ್ತದೆ, ಬ್ಯಾಳಿ ಮಾತ್ರ ಬದಲಾಗುವುದಿಲ್ಲ. ಬಿಸಿ ಜ್ವಾಳದ ರೊಟ್ಟಿ ಜೊತೆ ಗಟ್ಟಿ ಬ್ಯಾಳಿ ಇಲ್ಲದಿದ್ದರೆ ನಮ್ಮ ಕಡೆ ಅದನ್ನು ಊಟ ಅನ್ನುವುದಿಲ್ಲ. 2018ರ ಸಂಕ್ರಾಂತಿಯಿಂದ ನಾನು ನಮ್ಮ ಜಿಲ್ಲೆಯ ಹೊಲದಲ್ಲೇ ಬೆಳೆದ, ಪಾಲಿಶ್ ಮಾಡದ ತೊಗರಿ ಬ್ಯಾಳಿಯನ್ನು ಕಪನೂರ ಕಡೆಯ ಒಂದು ಸಣ್ಣ ಮಿಲ್ಲಿನಿಂದ ತಿಂಗಳಿಗೆ ಕ್ವಿಂಟಲಿನಷ್ಟು ತರುತ್ತಿದ್ದೇನೆ. ಎಂಟು ಸುಗ್ಗಿಯ ಮಾಲು ಬೇಯಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ನಾನೂ ಅಗ್ಗದ್ದನ್ನೇ ತರುತ್ತಿದ್ದೆ. 2015ರಲ್ಲಿ ಬ್ಯಾಳಿ ಕಿಲೋಗೆ 200 ರೂಪಾಯಿ ಹತ್ತಿರ ಹೋದಾಗ ಖಾನಾವಳಿ ಮುಚ್ಚುವ ಪರಿಸ್ಥಿತಿ ಬಂದಿತ್ತು. ಅದಾದ ಮೇಲೆ ಬೆಲೆಯೊಂದನ್ನೇ ನೋಡುವುದು ರೂಢಿಯಾಯಿತು. ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಬೆಳೆಯೂ ಭರ್ಜರಿ ಬಂತು. ಜೊತೆಗೆ ಬರ್ಮಾ, ಮೊಜಾಂಬಿಕ್, ತಾಂಜಾನಿಯಾ ಕಡೆಯ ತೊಗರಿಯೂ ಹಡಗಿನಲ್ಲಿ ಬಂದು ಇಳಿಯಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050 ಇದ್ದರೂ ಗಂಜಿನಲ್ಲಿ, ಅಂದರೆ ನಮ್ಮ ಕಾಳಿನ ಮಾರುಕಟ್ಟೆಯಲ್ಲಿ, ಅಷ್ಟು ಕೊಡುವವರಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ನನ್ನ ತವರಿನಲ್ಲಿ ತಮ್ಮನ ಚೀಲಗಳು ಪಡಸಾಲೆಯಲ್ಲೇ ಕುಳಿತಿದ್ದವು. ಖರೀದಿ ಕೇಂದ್ರದ ಮುಂದೆ ಪಾಳಿ ಹಚ್ಚಿ ಸೋತು ಒಂದು ದಿನ ನಮ್ಮಲ್ಲಿಗೆ ಊಟಕ್ಕೆ ಬಂದ. ಅಡುಗೆ ಮನೆಗೆ ಬಂದವನು ಡಬ್ಬಿಯಿಂದ ಒಂದು ಹಿಡಿ ಬ್ಯಾಳಿ ತೆಗೆದು ಅಂಗೈ ಮೇಲೆ ಹರಡಿ ನೋಡಿದ.

"ಅಕ್ಕಾ, ಇದು ನಮ್ ಕಡಿದು ಬ್ಯಾಳಿ ಅಲ್ಲ. ಎಲ್ಲಿಂದು ತಂದಿ?"

ಅಂಗಡಿಯವರು ಕಲಬುರಗಿಯದೇ ಎಂದಿದ್ದರು, ಚೀಲದ ಮೇಲೂ ಹಾಗೇ ಇತ್ತು. ಅವನಿಗೆ ಏನು ಹೇಳಬೇಕೋ ತಿಳಿಯದೆ ತಾಟು ಹಚ್ಚಿ ಕೊಟ್ಟೆ. ಅವನ ಮನೆಯಲ್ಲಿ ತೊಗರಿ ಚೀಲ ಕೊಳ್ಳುವವರಿಲ್ಲದೆ ಬಿದ್ದಿರುವಾಗ ನಾನು ಅವನಿಗೆ ಸಮುದ್ರದಾಚೆಯ ಬ್ಯಾಳಿ ಬಡಿಸುತ್ತಿದ್ದೆ. ಆ ಊಟ ನನಗೆ ಇವತ್ತಿಗೂ ಮರೆತಿಲ್ಲ.

ಮರುದಿನ ಅಂಗಡಿಗೆ ಹೋಗಿ ಕೇಳಿದೆ: "ಸಾವ್ಕಾರ್ರೆ, ಇದು ಯಾ ಊರಿನ ಮಾಲು ಅದ ರಿ?"

"ಇಲ್ಲೇ ಕಲಬುರಗ್ಯಾಗ ಒಡದದ್ದು ಅದ ರಿ ಅಕ್ಕೋರೆ."

ಒಡೆದದ್ದು ಅಂದರು, ಬೆಳೆದದ್ದು ಅನ್ನಲಿಲ್ಲ. ಈ ವಿಮರ್ಶೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಲಬುರಗಿ ತೊಗರಿಯ ಕಣಜ ಹೌದು, ಆದರೆ ದಾಲ್ ಮಿಲ್ಲುಗಳ ಊರೂ ಹೌದು. ಊರಿನ ತೊಗರಿ ಮುಗಿದ ಮೇಲೆ ಮಿಲ್ಲು ನಿಲ್ಲಬಾರದೆಂದು ಹೊರಗಿನ ಕಾಳನ್ನೂ ತಂದು ಒಡೆಯುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಕೂಲಿಯವರ ಹೊಟ್ಟೆಯೂ ತುಂಬಬೇಕು. ಆದರೆ ಚೀಲದ ಮೇಲಿರುವುದು ಮಿಲ್ಲಿನ ವಿಳಾಸ, ಹೊಲದ ವಿಳಾಸವಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್, ಮಾಲು ಇಂಥ ನೆಲದ್ದೇ ಎಂಬ ಸರ್ಕಾರಿ ಗುರುತು) ಸಿಕ್ಕಿದೆ. ಆ ಗುರುತು ಇದ್ದರೆ ಮಾತ್ರ ಹೆಸರಿಗೂ ಮಣ್ಣಿಗೂ ಸಂಬಂಧ ಉಂಟು.

ಈಗ ಒಲೆಯ ಮೇಲಿನ ಮಾತು. ನೂರು ಊಟಕ್ಕೆ ಊರಿನ ಬ್ಯಾಳಿ 4 ಕಿಲೋ ಸಾಕು. ಮೊದಲಿನದು ಅದೇ ಬೋಗುಣಿಗೆ, ಅದೇ ಹದಕ್ಕೆ 4 ಮುಕ್ಕಾಲು ಕಿಲೋ ಬೇಕಾಗುತ್ತಿತ್ತು. ಊರಿನದು ಕರಗಿ ನೀರಿನೊಡನೆ ಒಂದಾಗುತ್ತದೆ. ಹನ್ನೊಂದಕ್ಕೆ ಇಳಿಸಿದ್ದು ಮೂರು ಗಂಟೆಯ ಊಟಕ್ಕೂ ಹಾಗೇ ಇರುತ್ತದೆ. ಹೊರಗಿನದು ಒಂದು ತಾಸಿಗೆ ಮೇಲೆ ತಿಳಿನೀರು, ತಳಕ್ಕೆ ಗಸಿ ಆಗಿ ಸೌಟು ಹಾಕಿ ಹಾಕಿ ತಿರುವಬೇಕಿತ್ತು. ವಾಸನೆ ಬಗ್ಗೆ ಬರೆದು ತಿಳಿಸುವುದು ಕಷ್ಟ. ಕುಕ್ಕರಿನ ಮೊದಲ ಸೀಟಿಗೆ ಓಣಿಯ ತುದಿಯವರೆಗೂ ಹೋಗುತ್ತದೆ. ಮೆಂತ್ಯ ಪಲ್ಯಕ್ಕೆ, ಪುಂಡಿ ಪಲ್ಯಕ್ಕೆ ಇದರ ಮುಂದೆ ಇನ್ನೊಂದಿಲ್ಲ. ಪುಂಡಿಯ ಹುಳಿ ಸೇರಿದ ಮೇಲೆ ಯಾವ ಬ್ಯಾಳಿಯೂ ಬೇಯುವುದಿಲ್ಲ, ಅದಕ್ಕೆ ಬ್ಯಾಳಿ ಮತ್ತು ಜ್ವಾಳದ ನುಚ್ಚು ಮೊದಲೇ ಬೇಯಿಸಿಕೊಳ್ಳಿ.

ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ನಾನು ಕಳೆದ ಬಾರಿ ಊರಿನ ಬ್ಯಾಳಿಗೆ ಕಿಲೋಗೆ 128 ಕೊಟ್ಟೆ. ಆಗ ಹೊರಗಿನದು 105ಕ್ಕೆ ಸಿಗುತ್ತಿತ್ತು. ನಾಲ್ಕು ಕಿಲೋಗೆ 512, ನಾಲ್ಕು ಮುಕ್ಕಾಲಿಗೆ 499. ಅಂದರೆ ದಿನಕ್ಕೆ 13 ರೂಪಾಯಿ ಹೆಚ್ಚು, ಒಂದು ಊಟಕ್ಕೆ 13 ಪೈಸೆ. ಕಿಲೋ ಬೆಲೆ ಕೇಳಿ ನಾವು ಹಿಂದೆ ಸರಿಯುತ್ತೇವೆ, ಬೋಗುಣಿಯ ಲೆಕ್ಕ ಹಾಕಿದರೆ ಉಳಿಯುವ ವ್ಯತ್ಯಾಸ ಇಷ್ಟೇ.

ಕೊರತೆಗಳೂ ಇವೆ. ಪಾಲಿಶ್ ಇಲ್ಲದ ಬ್ಯಾಳಿ ನೋಡಲು ಮಂಕಾಗಿರುತ್ತದೆ, ಅಲ್ಲಲ್ಲಿ ಸಿಪ್ಪೆ ಇರುತ್ತದೆ, ಆರಿಸಬೇಕು. ಮಳೆಗಾಲದಲ್ಲಿ ಹುಳ ಬೇಗ ಬೀಳುತ್ತದೆ. 2020ರ ಶ್ರಾವಣದಲ್ಲಿ ಅರ್ಧ ಚೀಲ ಕೆಟ್ಟುಹೋಯಿತು. ಆಮೇಲೆ ಅವ್ವನ ಪದ್ಧತಿಗೇ ಮರಳಿದೆ: ಮೇ ತಿಂಗಳ ಬಿಸಿಲಿಗೆ ಎರಡು ದಿನ ಹರವಿ, ಕೈಗೆ ಔಡಲೆಣ್ಣೆ ಹಚ್ಚಿಕೊಂಡು ಬ್ಯಾಳಿಗೆ ತಿಕ್ಕಿ, ಬೇವಿನ ಒಣ ಎಲೆ ಹಾಕಿ ಡಬ್ಬಿ ತುಂಬುವುದು. ಆಮೇಲೆ ಹುಳದ ಕಾಟ ಇಲ್ಲ.

ಬೇಯುವುದಿಲ್ಲ ಎಂಬ ದೂರು ಕೆಲವರದ್ದಿದೆ. ನನಗೂ ಒಂದು ಬೇಸಿಗೆ ಹಾಗಾಯಿತು, ಮಿಲ್ಲಿನವರ ಜೊತೆ ಜಗಳವನ್ನೂ ಆಡಿದೆ. ತಪ್ಪು ಬ್ಯಾಳಿಯದ್ದಾಗಿರಲಿಲ್ಲ. ಆ ತಿಂಗಳು ನಳದ ನೀರು ಸರಿಯಾಗಿ ಬರದೆ ಬೋರ್‌ವೆಲ್ ನೀರಿನಲ್ಲಿ ಬೇಯಿಸುತ್ತಿದ್ದೆ. ಗಡಸು ನೀರಿನ ಸುಣ್ಣದಂಶಕ್ಕೆ ಬ್ಯಾಳಿ ಮೆತ್ತಗಾಗುವುದಿಲ್ಲ. ತವರಿನ ಹೊಲದಲ್ಲಿ ಕರಿ ಮಣ್ಣು ಸ್ವಲ್ಪ ಅಗೆದರೆ ಶಹಾಬಾದ್ ಪರಸಿ ಕಲ್ಲೇ ಸಿಗುತ್ತದೆ, ಅದೂ ಸುಣ್ಣದ ಕಲ್ಲೇ. ನಮ್ಮ ತೊಗರಿಯ ರುಚಿಗೆ ಆ ಮಣ್ಣೇ ಕಾರಣ ಎಂದು ಹಿರಿಯರು ಹೇಳುತ್ತಾರೆ. ಅದೇ ಕಲ್ಲಿನ ನೀರು ಒಲೆಯ ಮೇಲೆ ಬ್ಯಾಳಿಯನ್ನು ಬೇಯಗೊಡುವುದಿಲ್ಲ. ನಳದ ನೀರು ಹಿಡಿದಿಟ್ಟುಕೊಂಡು, ಅರ್ಧ ತಾಸು ನೆನೆಸಿ ಇಡಿ.

ದೊಡ್ಡ ಕೊರತೆ ಅಂದರೆ ವರ್ಷವಿಡೀ ಸಿಗುವುದಿಲ್ಲ. ತೊಗರಿ ಜೂನ್, ಜುಲೈನಲ್ಲಿ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡುವ ಬೆಳೆ. ದಸರೆ ಹೊತ್ತಿಗೆ ಊರಿನ ಮಾಲು ತೆಳುವಾಗುತ್ತದೆ. 2022ರ ಕೊನೆಗೆ ನೆಟೆ ರೋಗ ಬಂದ ವರ್ಷವಂತೂ ಕಾಯಿ ಕಟ್ಟುವ ಹೊತ್ತಿಗೆ ಸಾಲು ಸಾಲೇ ಒಣಗಿ ನಿಂತವು. ತಮ್ಮನ ಆರು ಎಕರೆಯಲ್ಲಿ ಮನೆಗೆ ಬಂದದ್ದಕ್ಕಿಂತ ಕಟ್ಟಿಗೆಯಾದದ್ದೇ ಹೆಚ್ಚು. ಮರುವರ್ಷ ಜುಲೈಗೇ ನಮ್ಮ ಮಿಲ್ಲಿನಲ್ಲಿ ಊರಿನ ತೊಗರಿ ಮುಗಿಯಿತು. ಮೂರು ತಿಂಗಳು ಹೊರಗಿನ ಬ್ಯಾಳಿಯನ್ನೇ ತಂದೆ. ಅದು ಬಾರದಿದ್ದರೆ ಬಡವರ ತಾಟಿನಲ್ಲಿ ಬ್ಯಾಳಿಯೇ ಇರುತ್ತಿರಲಿಲ್ಲ, ಅದಕ್ಕೇ ಆಮದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ರಾಶಿಯ ಹೊತ್ತಿಗೆ ಬಂದು ಬೀಳಬಾರದು, ಅಷ್ಟೇ. 2017ರ ಆಗಸ್ಟಿನಲ್ಲಿ ವರ್ಷಕ್ಕೆ 2 ಲಕ್ಷ ಟನ್ ಎಂಬ ಮಿತಿ ಹಾಕಿದ್ದರು. 2021ರ ಮೇ ತಿಂಗಳಲ್ಲಿ ಬಾಗಿಲು ಮತ್ತೆ ತೆರೆಯಿತು. ಆ ಬಾಗಿಲು ನನ್ನ ಕೈಯಲ್ಲಿಲ್ಲ. ಜನವರಿಯಿಂದ ಮಾರ್ಚಿನೊಳಗೆ ಯಾರ ಚೀಲಕ್ಕೆ ದುಡ್ಡು ಕೊಡಬೇಕೆಂಬುದು ನನ್ನ ಕೈಯಲ್ಲಿದೆ.

ಅದಕ್ಕೆ ಈಗ ಹೀಗೆ ಮಾಡುತ್ತೇನೆ. ಸಂಕ್ರಾಂತಿ ದಾಟಿದ ಮೇಲೆ ಮಿಲ್ಲಿಗೆ ಹೋಗಿ ಬ್ಯಾಳಿಗಿಂತ ಮೊದಲು ತೊಗರಿ ಕಾಳು ತೋರಿಸಿ ಎನ್ನುತ್ತೇನೆ, ಯಾವ ತಾಲ್ಲೂಕಿನದು ಎಂದು ಕೇಳುತ್ತೇನೆ. ಹೇಳಲು ತಡವರಿಸಿದರೆ ಮುಂದಿನ ಮಿಲ್ಲಿಗೆ ನಡೆಯುತ್ತೇನೆ. ಆರು ತಿಂಗಳದ್ದು ಒಮ್ಮೆಲೇ ಮಾತಾಡಿ, ಅರ್ಧ ದುಡ್ಡು ಮುಂಗಡ ಕೊಟ್ಟು, ತಿಂಗಳಿಗೊಮ್ಮೆ ಹೊಸದಾಗಿ ಒಡೆಸಿ ತರುತ್ತೇನೆ. ಮನೆಗೆ ತಿಂಗಳಿಗೆ ಎರಡು ಕಿಲೋ ಸಾಕಾಗುವವರು ನಾಲ್ಕು ಮನೆ ಕೂಡಿ ಒಂದು ಚೀಲ ತನ್ನಿರಿ, ಚಿಲ್ಲರೆ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಬ್ಯಾಳಿ ನುಚ್ಚು ಇದೆಯಾ ಎಂದೂ ಮಿಲ್ಲಿನವರನ್ನು ಕೇಳಿರಿ. ಬ್ಯಾಳಿಗಿಂತ ಅಗ್ಗಕ್ಕೆ ಕೊಡುತ್ತಾರೆ, ಸಾರಿಗೆ ಅದೇ ಸಾಕು.