ಗೊಂಬೆ ಹಬ್ಬದ ರೈಲು: ಕಾಟೊ ಯೂನಿಟ್ರ್ಯಾಕ್ ಹಳಿ, ಎಂಟು ದಸರಾ ಬಳಸಿದ ಮೇಲೆ

ನವರಾತ್ರಿಯ ಹಿಂದಿನ ದಿನ ಅಮ್ಮ ಅಟ್ಟದಿಂದ ಪಟ್ಟದ ಗೊಂಬೆಗಳನ್ನು ಇಳಿಸುತ್ತಾರೆ. ನಾನು ಮಂಚದ ಕೆಳಗಿನಿಂದ ಹಳಿಯ ಡಬ್ಬಗಳನ್ನು ಎಳೆಯುತ್ತೇನೆ. ರಾತ್ರಿ ಹನ್ನೊಂದರ ಹೊತ್ತಿಗೆ ಗೊಂಬೆ ಮೆಟ್ಟಿಲ ಮುಂದಿನ ಪಾರ್ಕಿನ ಸುತ್ತ ರೈಲು ಓಡುತ್ತಿರುತ್ತದೆ. 2017ರಲ್ಲಿ ಶುರುವಾದ ಈ ರೂಢಿಗೆ 2024ಕ್ಕೆ ಎಂಟು ದಸರಾ ತುಂಬಿದವು. ನಡುವೆ ಬೇಸಿಗೆ ರಜೆಯಲ್ಲೂ ಎಷ್ಟೋ ಸಲ ಹಾಸಿ ತೆಗೆದಿದ್ದೇವೆ. ಒಂದು ಹಳಿಯ ಬಗ್ಗೆ ಮಾತಾಡಲು ಇಷ್ಟು ಬಳಕೆ ಸಾಕು ಅನ್ನಿಸಿ ಬರೆಯುತ್ತಿದ್ದೇನೆ.

ಹೌದು, ಇದು ಎಂಜಿನ್ ವಿಮರ್ಶೆ ಅಲ್ಲ, ಹಳಿಯ ವಿಮರ್ಶೆ. ಹೆಸರು ಕಾಟೊ ಯೂನಿಟ್ರ್ಯಾಕ್, ಜಪಾನಿನದು. ಎನ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ 9 ಮಿಲಿಮೀಟರ್. ಜಪಾನಿನಲ್ಲಿ ಈ ಅಳತೆಯ ಮಾದರಿ ರೈಲು ಶುರುವಾದದ್ದೇ 1965ರಲ್ಲಿ, ಇದೇ ಕಂಪನಿಯವರ ಸಿ50 ಎಂಬ ಹಬೆ ಎಂಜಿನ್‌ನಿಂದ. ನನ್ನ ಭಾಮೈದ ನಗೋಯಾದಲ್ಲಿ ಕೆಲಸದಲ್ಲಿದ್ದ. ರಜೆಗೆ ಬಂದಾಗ ಎಂ1 ಎಂಬ ಆರಂಭದ ಸೆಟ್ಟು, ಒಂದು ಎಂಜಿನ್, ಆರು ಗೂಡ್ಸ್ ಡಬ್ಬಿ ತಂದುಕೊಟ್ಟ. ಸೆಟ್ಟಿನಲ್ಲಿ 315 ಮಿ.ಮೀ. ತ್ರಿಜ್ಯದ ತಿರುವುಗಳು, ಒಂದಿಷ್ಟು ನೇರ ತುಂಡುಗಳು, ವೇಗ ಏರಿಸಿ ಇಳಿಸುವ ಕಂಟ್ರೋಲರ್ ಇದ್ದವು.

ಎಂಜಿನ್ ಯಾವುದು ಬೇಕು ಅಂತ ಅವನು ಫೋನ್‌ನಲ್ಲಿ ಕೇಳಿದಾಗ ನಾನು ಡಿ51 ಅಂದಿದ್ದೆ. ಅದಕ್ಕೆ ಕಾರಣ ಅಪ್ಪ. ಅವರು ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಅರಸೀಕೆರೆ ಕಡೆ, ಮೀಟರ್ ಗೇಜ್ ಕಾಲ. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರ್, ಬಾವುಟ ಹಿಡಿದು ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಾದದ್ದನ್ನೆಲ್ಲ ಬಿಗಿ ಮಾಡಿ ಬರುವುದು ಅವರ ಕೆಲಸ. ನಾನು ಚಿಕ್ಕವನಾಗಿ ನೋಡಿದ್ದು ವೈಜಿ ಎಂಬ ಹಬೆ ಎಂಜಿನ್ನುಗಳನ್ನು. ಮುಂದೆ ಎರಡು ಚಿಕ್ಕ ಚಕ್ರ, ನಡುವೆ ಎಂಟು ದೊಡ್ಡ ಚಕ್ರ, ಹಿಂದೆ ಮತ್ತೆ ಎರಡು. ಡಿ51ಗೂ ಇದೇ ಲೆಕ್ಕ. 1936ರಿಂದ 1945ರವರೆಗೆ ಜಪಾನಿನಲ್ಲಿ 1,115 ತಯಾರಾದ ಗೂಡ್ಸ್ ಎಂಜಿನ್ ಅದು. ಅವರ ಹಳಿ 1,067 ಮಿ.ಮೀ., ನಮ್ಮ ಮೀಟರ್ ಗೇಜ್ 1,000. ದೂರದಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರ ಹಾಗೆ.

ಮೊದಲ ರಾತ್ರಿ ಹಳಿ ಹಾಸಿ ಮುಗಿಸಿದಾಗ ಎಂಜಿನ್ ಇನ್ನೂ ಡಬ್ಬದಲ್ಲೇ ಇತ್ತು. ಅಪ್ಪ ಬಂದವರು ನೆಲದ ಮೇಲೆ ಕೂತರು. ಆಮೇಲೆ ಮೊಣಕೈ ಊರಿ, ಕೆನ್ನೆಯನ್ನು ಟೈಲ್ಸ್‌ಗೆ ತಾಗಿಸುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಹಳಿಯ ಉದ್ದಕ್ಕೂ ನೋಡಿದರು. ಲೈನ್ ನೇರ ಇದೆಯಾ ಅಂತ ನೋಡುವ ರೀತಿ ಅದು. ಗ್ಯಾಂಗಿನವರೆಲ್ಲ ಹಾಗೇ ನೋಡುತ್ತಿದ್ದರು.

“ಇಲ್ಲಿ ಒಂಚೂರು ಎಡಕ್ಕೆ ಹೋಗಿದೆ ಕಣೋ,” ಅಂದರು.

ನಿಜವಾಗಲೂ ಹೋಗಿತ್ತು. ಒಂದು ಜೋಡಣೆಯನ್ನು ನಾನು ಪೂರ್ತಿ ಒತ್ತಿರಲಿಲ್ಲ. ಒತ್ತಿದೆ, ಟಕ್ ಅಂತ ಕೂತಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಎಂಜಿನ್ ಹಳಿ ಏರುವ ಮುಂಚೆ ಅಪ್ಪ ಒಂದು ಸಲ ಬಗ್ಗಿ ನೋಡಲೇಬೇಕು.

ಆ ಟಕ್ ಅನ್ನುವ ಸದ್ದೇ ಈ ಹಳಿಯ ದೊಡ್ಡ ಗುಣ. ಪ್ರತಿ ತುಂಡಿನ ಕೆಳಗೆ ಜಲ್ಲಿಯಂತೆ ಕಾಣುವ, 25 ಮಿ.ಮೀ. ಅಗಲದ ಪ್ಲಾಸ್ಟಿಕ್ ಹಾಸು ಇದೆ. ಎರಡೂ ತುದಿಯಲ್ಲಿ ಯೂನಿಜಾಯ್ನರ್ ಎಂಬ ಚಿಕ್ಕ ಕೊಂಡಿ. ಹಳಿಯನ್ನು ಹಿಡಿದಿಡುವುದೂ ಅದೇ, ಕರೆಂಟನ್ನು ಮುಂದಿನ ತುಂಡಿಗೆ ದಾಟಿಸುವುದೂ ಅದೇ. ನಿಜವಾದ ರೈಲಿನ ಫಿಶ್ ಪ್ಲೇಟ್ ಇದ್ದ ಹಾಗೆ ಅಂತ ಅಪ್ಪ ಮೊದಲ ದಿನವೇ ಗುರುತಿಸಿದರು. ಮೊಳೆ ಬೇಡ, ಅಂಟು ಬೇಡ, ಹಲಗೆ ಬೇಡ. ಬಾಡಿಗೆ ಮನೆಯ ಹಾಲ್‌ನಲ್ಲಿ ಒಂಬತ್ತು ದಿನ ಹಾಸಿ ಹತ್ತನೇ ದಿನ ಎತ್ತಿಡುವವರಿಗೆ ಇದಕ್ಕಿಂತ ಏನು ಬೇಕು?

ಕೊಂಡಿಗಳು ಸವೆಯುತ್ತವೆ, ಅದು ಸಹಜ. ನನ್ನ ಕೈಯೂ ಮೊದಲು ಒರಟಾಗಿತ್ತು. ಬಿಚ್ಚುವಾಗ ಹಳಿಯನ್ನು ಮೇಲಕ್ಕೆ ಬಗ್ಗಿಸಿ ಎಳೆಯುತ್ತಿದ್ದೆ. ಹಾಗೆ ಮಾಡಬಾರದು. ಎರಡೂ ತುಂಡನ್ನು ನೆಲಕ್ಕೆ ಸಮವಾಗಿಟ್ಟು, ಜೋಡಣೆಯ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಕೊಂಡಿ ಸಡಿಲವಾದರೆ ಹಳಿ ಎಸೆಯಬೇಕಿಲ್ಲ. ಕೊಂಡಿಗಳನ್ನೇ ಬೇರೆಯಾಗಿ ಮಾರುತ್ತಾರೆ, ಹಳೆಯದನ್ನು ತೆಗೆದು ಹೊಸದು ತೂರಿಸಿದರೆ ಆಯಿತು. ಎಂಟು ವರ್ಷದಲ್ಲಿ ಸುಮಾರು ಇಪ್ಪತ್ತು ಬದಲಿಸಿದ್ದೇನೆ. ಹಳಿ ಮಾತ್ರ ಒಂದೂ ಹಾಳಾಗಿಲ್ಲ.

ಜಪಾನಿನಿಂದ ತರಿಸುವವರು ಒಂದು ವಿಷಯ ಮರೆಯಬೇಡಿ. ಅಲ್ಲಿ ಮನೆಯ ಕರೆಂಟು 100 ವೋಲ್ಟ್, ನಮ್ಮದು 230. ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ಇನ್ನೇನು ಗೋಡೆಯ ಸಾಕೆಟ್‌ಗೆ ಹಾಕಬೇಕು, ಅಷ್ಟರಲ್ಲಿ ಮಗಳು ಅಡಾಪ್ಟರ್ ಮೇಲಿದ್ದ ಅಕ್ಷರ ಓದಿದಳು. “ಅಪ್ಪಾ, ಇದರಲ್ಲಿ ನೂರು ಅಂತ ಇದೆ.” ಮರುದಿನ ಎಸ್.ಪಿ. ರೋಡಿಗೆ ಹೋಗಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಅದೇ ಇವತ್ತಿಗೂ ನಡೆಯುತ್ತಿದೆ. ಹಳಿಯ ಮೇಲೆ ಹರಿಯುವುದು ಹೆಚ್ಚೆಂದರೆ 12 ವೋಲ್ಟ್ ಡಿಸಿ. ಮಕ್ಕಳು ಮುಟ್ಟಿದರೂ ಭಯವಿಲ್ಲ.

ಈಗ ಧೂಳಿನ ಮಾತು. ಬೆಂಗಳೂರಿನಲ್ಲಿ ಮಾದರಿ ರೈಲಿಗೆ ದೊಡ್ಡ ಶತ್ರು ಇದೇ. ಎಂಜಿನ್ ಚಕ್ರಕ್ಕೂ ಹಳಿಗೂ ತಾಗುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಕರೆಂಟು ಅಷ್ಟರಲ್ಲೇ ದಾಟಬೇಕು. ಅಲ್ಲಿ ಒಂದು ಪೊರೆ ಜಿಡ್ಡು ಕೂತರೆ ಸಾಕು, ಎಂಜಿನ್ ತಡವರಿಸುತ್ತದೆ. ನಮ್ಮದು ಹಾಲ್‌ಗೆ ಅಂಟಿಕೊಂಡ ಅಡುಗೆಮನೆ. ಒಗ್ಗರಣೆಯ ಹೊಗೆ, ಊದುಬತ್ತಿಯ ಬೂದಿ, ರಸ್ತೆಯ ಧೂಳು ಮೂರೂ ಸೇರಿ ಎರಡು ದಿನಕ್ಕೆ ಹಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತವೆ. ಹಳಿಯ ಲೋಹ ನಿಕ್ಕಲ್ ಸಿಲ್ವರ್. ಹೆಸರಲ್ಲಿ ಬೆಳ್ಳಿ ಇದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್, ಸತು. ಒಳ್ಳೆಯ ಲೋಹ, ತುಕ್ಕು ಹಿಡಿಯುವುದಿಲ್ಲ. ಆದರೆ ಜಿಡ್ಡನ್ನು ಒರೆಸಲೇಬೇಕು. ಹಳೆಯ ಪಂಚೆಯ ತುಂಡಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬೆರಳಿಗೆ ಸುತ್ತಿ ಒಂದು ಸುತ್ತು ಒರೆಸುತ್ತೇನೆ. ದಿನಾ ಸಂಜೆ ದೀಪ ಹಚ್ಚುವ ಮುಂಚೆ ಇದು ಮುಗಿಯಬೇಕು. ದೀಪ ಉರಿಯುವಾಗ ಆ ಬಾಟಲಿ ಹತ್ತಿರ ಇರಬಾರದು. ಮರಳು ಕಾಗದ ಮಾತ್ರ ಯಾವತ್ತೂ ಉಜ್ಜಬೇಡಿ. ಅದರ ಗೀರುಗಳಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ.

ಎರಡನೇ ದಸರಾದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಗೊಂಬೆಗಳ ಮುಂದಿನ ಪಾರ್ಕಿನಲ್ಲಿ ಅಮ್ಮ ಯಾವಾಗಲೂ ರಾಗಿ ಪೈರು ಬೆಳೆಸುತ್ತಾರೆ. 1:150ರ ಅಳತೆಯ, ಅಂದರೆ ನಿಜವಾದದ್ದರ 150ನೇ ಒಂದು ಭಾಗದಷ್ಟಿರುವ ರೈಲಿನ ಪಕ್ಕ ಎರಡು ಇಂಚಿನ ರಾಗಿ ಪೈರು ದಟ್ಟ ಕಾಡಿನ ಹಾಗೆ ಕಾಣುತ್ತದೆ. ಅಷ್ಟು ಚೆಂದದ ಹಸಿರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಸೆಗೆ ಬಿದ್ದು ಹಳಿಯನ್ನು ಮಣ್ಣಿನ ಅಂಚಿಗೇ ತಂದಿಟ್ಟೆ. ನೀರು ಚಿಮುಕಿಸಿದಾಗ ಕೆಸರು ಹಳಿಗೆ ಹಾರಿತು. ಸಣ್ಣ ಮರಳಿನ ಕಣಗಳು ಎಂಜಿನ್ನಿನ ಕಡ್ಡಿಗಳಿಗೆ ಸಿಕ್ಕಿಕೊಂಡವು. ಚಿಮಟಿಗೆ ಹಿಡಿದು ಒಂದೊಂದೇ ತೆಗೆಯಲು ಎರಡು ರಾತ್ರಿ ಹಿಡಿಯಿತು. ಈಗ ಮಣ್ಣನ್ನು ತಟ್ಟೆಗಳಲ್ಲಿ ಹಾಕುತ್ತೇವೆ. ಹಳಿಗೂ ತಟ್ಟೆಗೂ ನಡುವೆ ನಾಲ್ಕು ಬೆರಳು ಜಾಗ. ನೀರು ಹಾಕುವ ಮುಂಚೆ ರೈಲು ನಿಲ್ಲಬೇಕು.

ಆರು ಮೀಟರ್ ಸುತ್ತಿಗೆ ಒಂದೇ ಕಡೆಯಿಂದ ಕರೆಂಟು ಕೊಟ್ಟರೆ ದೂರದ ತುದಿಯಲ್ಲಿ ರೈಲು ನಿಧಾನವಾಗುತ್ತದೆ. ಇದು ಎಲ್ಲ ಹಳಿಗೂ ಇದ್ದದ್ದೇ. ಎದುರು ಬದಿಯಲ್ಲಿ ಇನ್ನೊಂದು ಫೀಡರ್ ತಂತಿ ಕೊಟ್ಟೆ, ಸರಿಹೋಯಿತು. ತಂತಿಯ ಧನ ಋಣ ಅದಲು ಬದಲಾಗದಂತೆ ನೋಡಿಕೊಳ್ಳಿ, ಶಾರ್ಟ್ ಆಗುತ್ತದೆ. ಇನ್ನು ಸದ್ದು. ಟೊಳ್ಳು ಪ್ಲಾಸ್ಟಿಕ್ಕನ್ನು ಬರೀ ಟೈಲ್ಸ್ ಮೇಲೆ ಇಟ್ಟರೆ ಸದ್ದು ಬಂದೇ ಬರುತ್ತದೆ. ಕೆಳಗೆ ಯೋಗ ಮ್ಯಾಟ್ ಕತ್ತರಿಸಿ ಹಾಸಿದ್ದೇನೆ. ಅಮ್ಮನಿಗೆ ಮಾತ್ರ ಆ ಸದ್ದು ಬೇಕು. “ಗಾಡಿ ಅಂದ್ರೆ ಗಡಗಡ ಅನ್ಬೇಕಪ್ಪ,” ಅನ್ನುತ್ತಾರೆ. ಒಂದು ಮೀಟರ್ ಜಾಗ ಹಾಗೇ ಬಿಟ್ಟಿದ್ದೇನೆ.

ವೇಗದ ಲೆಕ್ಕ ಹೇಳುತ್ತೇನೆ, ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಗಂಟೆಗೆ 60 ಕಿ.ಮೀ. ಓಡುವ ಗಾಡಿ 1:150ರಲ್ಲಿ ಸೆಕೆಂಡಿಗೆ 11 ಸೆಂಟಿಮೀಟರ್ ಓಡಬೇಕು, ಅಷ್ಟೇ. ನಮ್ಮ ಆರು ಮೀಟರ್ ಸುತ್ತಿಗೆ ಸುಮಾರು 55 ಸೆಕೆಂಡ್. ಮನೆಗೆ ಬರುವ ಮಕ್ಕಳು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ, ತಿರುಗಿಸಲಿ ಬಿಡಿ. ಆದರೆ ರಾತ್ರಿ ಎಲ್ಲರೂ ಹೋದ ಮೇಲೆ, ಲೈಟ್ ಆರಿಸಿ, ದೀಪದ ಬೆಳಕಲ್ಲಿ 55 ಸೆಕೆಂಡಿಗೆ ಒಂದು ಸುತ್ತು ಓಡಿಸಿ ನೋಡಿ. 13 ಸೆಂಟಿಮೀಟರ್ ಉದ್ದದ ಎಂಜಿನ್ ಭಾರ ಹೊತ್ತಂತೆ ಕಾಣುತ್ತದೆ. 2020ರಲ್ಲಿ ಕೊರೊನಾದಿಂದ ಯಾರೂ ಗೊಂಬೆ ನೋಡಲು ಬರಲಿಲ್ಲ. ಆ ವರ್ಷ ನಾವು ಐದು ಜನ ಸುಮ್ನೆ ಕೂತು ಇದನ್ನೇ ನೋಡಿದೆವು.

2019ರಲ್ಲಿ ಡಬಲ್ ಲೈನ್ ಕೊಂಡೆ. ಅದಕ್ಕೂ ಅಪ್ಪನೇ ಕಾರಣ. “ತಿರುವಲ್ಲಿ ಹೊರಗಿನ ಹಳಿ ಎತ್ತರ ಇರ್ಬೇಕು, ಇದು ಸಪಾಟಾಗಿದೆಯಲ್ಲೋ,” ಅಂತ ಎರಡು ವರ್ಷ ಹೇಳಿದ್ದರು. ರೈಲ್ವೆಯಲ್ಲಿ ಅದನ್ನು ಕ್ಯಾಂಟ್ ಅನ್ನುತ್ತಾರೆ. ಯೂನಿಟ್ರ್ಯಾಕ್‌ನ 414 ಮತ್ತು 381 ಮಿ.ಮೀ. ತ್ರಿಜ್ಯದ ಜೋಡಿ ತಿರುವುಗಳಲ್ಲಿ ನಿಜವಾಗಲೂ ಕ್ಯಾಂಟ್ ಇದೆ, ಕಾಂಕ್ರೀಟ್ ಸ್ಲೀಪರ್ ಕೂಡ. ರೈಲು ಒಳಗಡೆಗೆ ವಾಲಿ ತಿರುಗುವುದನ್ನು ನೋಡಿ ಅಪ್ಪ ಏನೂ ಹೇಳಲಿಲ್ಲ. ಬೆರಳಿಟ್ಟು ಹೊರ ಹಳಿಯನ್ನು ಸವರಿದರು.

ಪಾಯಿಂಟುಗಳ, ಅಂದರೆ ಒಂದು ಹಳಿ ಎರಡು ದಾರಿಯಾಗಿ ಕವಲೊಡೆಯುವ ತುಂಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೋಟಾರು ಹಾಸಿನೊಳಗೇ ಅಡಗಿರುತ್ತದೆ, ನೋಡಲು ಅಚ್ಚುಕಟ್ಟು. ನಂ. 6 ಪಾಯಿಂಟು ಯಾವ ದಾರಿಗೆ ತಿರುಗಿದೆಯೋ ಆ ದಾರಿಗಷ್ಟೇ ಕರೆಂಟು ಹೋಗುತ್ತದೆ. ಹಾಗಾಗಿ ಒಂದು ಗಾಡಿಯನ್ನು ಲೂಪ್ ಲೈನಿನಲ್ಲಿ ನಿಲ್ಲಿಸಿ ಇನ್ನೊಂದನ್ನು ಬಿಡಬಹುದು. ಒಂದೇ ಕಂಟ್ರೋಲರ್‌ನಲ್ಲಿ ಕ್ರಾಸಿಂಗ್ ಆಟ! ಜಾಗ ಇದ್ದರೆ ನಂ. 4ಕ್ಕಿಂತ ನಂ. 6 ಕೊಳ್ಳಿ. ಅದರ ತಿರುವು 718 ಮಿ.ಮೀ., ನಂ. 4ರದು 481. ಉದ್ದದ ಎಂಜಿನ್ನುಗಳು ಅದರ ಮೇಲೆ ಹಾಯಾಗಿ ಹೋಗುತ್ತವೆ.

ಕಣ್ಣಿಗೆ ಒಗ್ಗಿಸಿಕೊಳ್ಳಬೇಕಾದ ಸಂಗತಿ ಒಂದಿದೆ. 1,067 ಮಿ.ಮೀ.ಯನ್ನು 150ರಿಂದ ಭಾಗಿಸಿದರೆ ಸುಮಾರು 7.1 ಬರುತ್ತದೆ, ಹಳಿ ಇರುವುದು 9. ಆದ್ದರಿಂದ ಡಿ51ರ ಕೆಳಗೆ ಹಳಿ ಸ್ವಲ್ಪ ಅಗಲವಾಗಿ ಕಾಣುತ್ತದೆ. ನಮ್ಮ ಬ್ರಾಡ್ ಗೇಜ್ ಗಾಡಿಗಳ ಮಾದರಿ ಇಟ್ಟುಕೊಳ್ಳುವವರಿಗೆ ಇದು ಉಲ್ಟಾ. 1,676 ಮಿ.ಮೀ. ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, 19.3 ಆಗಬೇಕು. ಓಡಿಸುವುದು 16.5ರ ಹಳಿಯ ಮೇಲೆ. ಎರಡು ಕಡೆಯೂ ಹೊಂದಿಕೊಳ್ಳಲೇಬೇಕು. ಡಬ್ಲ್ಯುಎಪಿ-7 ಎಂಬ ನಮ್ಮ ಕರೆಂಟ್ ಎಂಜಿನ್ ಬೇಕು, ನೀಲಿ ಬೋಗಿ ಬೇಕು ಅನ್ನುವವರು ಎಚ್‌ಒ ಕಡೆಗೇ ಹೋಗಿ. ಆದರೆ ಜಾಗ ಸುಮಾರು ಎರಡರಷ್ಟು ಉದ್ದ, ಎರಡರಷ್ಟು ಅಗಲ ಬೇಕು.

ಬೆಲೆಯ ವಿಷಯ ನೋವಿನದು. 2020ರ ಬಜೆಟ್‌ನಲ್ಲಿ ಆಟಿಕೆಗಳ ಕಸ್ಟಮ್ಸ್ ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಮಾದರಿ ರೈಲೂ ಅದೇ ಪಟ್ಟಿಯಲ್ಲಿ ಬರುತ್ತದೆ. ಹೀಗಾಗಿ ನಾನು ಹೊರಗಿನಿಂದ ಬರುವ ನೆಂಟರಿಗೆ ಸಣ್ಣ ಸಣ್ಣ ಪಟ್ಟಿ ಕೊಡುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ಓಡುವುದನ್ನು ಕಣ್ಣಾರೆ ನೋಡಿ ಕೊಳ್ಳಿ. ಫೋಟೋ ನೋಡಿ ಒಬ್ಬರಿಂದ ತರಿಸಿದ ಒಂದು ಎಂಜಿನ್ನಿನ ಗಿಯರ್ ಸೀಳಿತ್ತು. ಅದು ಈಗ ಗೊಂಬೆಗಳ ಜೊತೆ ಮೆಟ್ಟಿಲ ಮೇಲೆ ಕೂರುತ್ತದೆ. ಹಳಿಯನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಧೈರ್ಯವಾಗಿ ಕೊಳ್ಳಬಹುದು, ಕೊಂಡಿ ಬದಲಿಸಿದರೆ ಹೊಸದರಂತೆಯೇ.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಇದೇ: ಇರುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಳಿಗೆ ಹಾಕಿ. ಒಳ್ಳೆಯ ಹಳಿಯ ಮೇಲೆ ಸಾಧಾರಣ ಎಂಜಿನ್ನೂ ಸರಾಗವಾಗಿ ಓಡುತ್ತದೆ. ಕೆಟ್ಟ ಹಳಿಯ ಮೇಲೆ ದುಬಾರಿ ಎಂಜಿನ್ನೂ ಮುಗ್ಗರಿಸುತ್ತದೆ.

ಮುಂದಿನ ದಸರಾಕ್ಕೆ ಘಟ್ಟ ಮಾಡಬೇಕು ಅಂತ ಮಗಳ ಹಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ ಅವಳು ಹೋದ ಬೇಸಿಗೆಯಲ್ಲಿ 57 ಸುರಂಗಗಳನ್ನೂ ಎಣಿಸಿದ್ದಳು. ಅಲ್ಲಿನ ಏರು 1:50, ಅಂದರೆ 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅದೇ ಲೆಕ್ಕ ನಮ್ಮ ಹಾಲ್‌ಗೂ. ಥರ್ಮೋಕೋಲ್ ಜೋಡಿಸಿ ಡಿ51 ಹತ್ತಿಸಿ ನೋಡಿದೆವು. ಸಪಾಟಿನಲ್ಲಿ ಹತ್ತು ಡಬ್ಬಿ ಎಳೆಯುವ ಎಂಜಿನ್ ಆ ಏರಿನಲ್ಲಿ ಆರಕ್ಕೆ ನಿಂತಿತು, ಏಳನೆಯದಕ್ಕೆ ಚಕ್ರ ಜಾರಿತು.

“ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಾಕ್ಬೇಕು ಮಗಾ,” ಅಂದರು ಅಪ್ಪ ಮೊಮ್ಮಗಳಿಗೆ. ಘಟ್ಟದಲ್ಲಿ ಹಾಗೇ ತಳ್ಳುತ್ತಾರೆ.

ಸದ್ಯಕ್ಕೆ ಆರು ಡಬ್ಬಿ ಸಾಕು ಅಂತ ತೀರ್ಮಾನ. ಮೂರೂವರೆ ಸೆಂಟಿಮೀಟರ್ ಏರಲು ಒಂದೂ ಮುಕ್ಕಾಲು ಮೀಟರ್ ಬೇಕು, ಇಳಿಯಲು ಇನ್ನೊಂದು ಅಷ್ಟು. ಅಪ್ಪ ಟೇಪ್ ಹಿಡಿದು ಹಾಲ್ ಅಳೆದಾಗಿದೆ. ಸೋಫಾ ಒಂದಡಿ ಹಿಂದೆ ಸರಿಯಬೇಕು.