ಚಾಕೊಲೇಟಿನ ಸೀಸ ಪತ್ತೆಗೆ ಮನೆಯ ಸ್ವಾಬ್ ಕಿಟ್: ಕೊಳ್ಳಬೇಡಿ

ಡಾರ್ಕ್ ಚಾಕೊಲೇಟಿನಲ್ಲಿ ತೀರಾ ಸಣ್ಣ ಪ್ರಮಾಣದ ಸೀಸ ಇರಬಹುದು. ಗೋಡೆಯ ಪೇಂಟಿನಲ್ಲಿ ಸೀಸ ಇದೆಯೇ ಎಂದು ನೋಡುವ ಸ್ವಾಬ್ ಕಡ್ಡಿಯನ್ನು ಡಾರ್ಕ್ ಚಾಕೊಲೇಟಿಗೂ ಉಜ್ಜಿ, ಕೆಂಪಾಗಲಿಲ್ಲವೆಂದು ಮಗುವಿನ ಕೈಗೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಡ್ಡಿಯಲ್ಲಿರುವ ರೋಡಿಜೋನೇಟ್ ಎಂಬ ರಾಸಾಯನಿಕವು ಸೀಸ ತಗುಲಿದರೆ ಕೆಂಪಾಗುವುದು ನಿಜ. ಪೇಂಟಿನ ಮಟ್ಟಿಗೆ ಅದು ಒಳ್ಳೆಯ ಸಾಧನವೇ. ಆದರೆ ಅಮೆರಿಕದ ನಿಯಮದಲ್ಲಿ ಸೀಸದ ಪೇಂಟ್ ಎನಿಸಿಕೊಳ್ಳುವುದು ತೂಕದ ಶೇ. 0.5ರಿಂದ, ಅಂದರೆ 5,000 ಪಿಪಿಎಂನಿಂದ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ). ಚಾಕೊಲೇಟಿನಲ್ಲಿ ಹುಡುಕಬೇಕಿರುವುದು 0.05 ಪಿಪಿಎಂ ಆಸುಪಾಸಿನದನ್ನು. ಲಕ್ಷ ಪಟ್ಟು ಕಡಿಮೆ. ಅದೂ ಕೊಬ್ಬಿನೊಳಗೆ ಹುದುಗಿದ ಕೋಕೋ ಕಣಗಳಲ್ಲಿದೆ, ಸ್ವಾಬಿನ ತೇವ ಅಲ್ಲಿಗೆ ತಲುಪುವುದಿಲ್ಲ. ಮೇಲಾಗಿ ಕಡ್ಡಿಗೆ ಮೆತ್ತುವ ಕಂದು ಬಣ್ಣದಲ್ಲಿ ತೆಳು ಗುಲಾಬಿ ಕಾಣುವುದೂ ಕಷ್ಟ. ಕೈಯಲ್ಲಿ ಹಿಡಿದು ಎಕ್ಸ್-ರೇ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರಕ್ಕೂ ಇಷ್ಟು ಸಣ್ಣ ಪ್ರಮಾಣ ಸಿಗದು.

ದುಡ್ಡು ಹಾಕುವುದಾದರೆ ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಪ್ರಯೋಗಾಲಯದ ಐಸಿಪಿ-ಎಂಎಸ್ ಪರೀಕ್ಷೆಗೆ ಹಾಕಿ. ಅಲ್ಲಿ ಮಾದರಿಯನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಕಳಿಸುವ ಮೊದಲೇ ಅವರ ಎಲ್‌ಒಕ್ಯೂ, ಅಂದರೆ ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ, ಎಷ್ಟೆಂದು ಕೇಳಿ. 0.01 ಪಿಪಿಎಂಗಿಂತ ಹೆಚ್ಚಿದ್ದರೆ ಬೇರೆ ಕಡೆ ನೋಡಿ. ಅಳೆಯಬಲ್ಲ ಕನಿಷ್ಠ ಪ್ರಮಾಣ 0.1 ಪಿಪಿಎಂ ಇರುವ ಲ್ಯಾಬಿನ ವರದಿ ‘ಪತ್ತೆಯಾಗಿಲ್ಲ’ ಎಂದರೂ 30 ಗ್ರಾಂನಲ್ಲಿ 3 ಮೈಕ್ರೋಗ್ರಾಂ ಹತ್ತಿರ ಅಡಗಿರಬಹುದು. ಮಕ್ಕಳಿಗೆ ಇಡೀ ದಿನದ ಊಟ-ತಿಂಡಿಯಿಂದ ಸೇರಬಹುದೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಟ್ಟ ಉಲ್ಲೇಖ ಮಟ್ಟವೇ 2.2 ಮೈಕ್ರೋಗ್ರಾಂ!

ಬಾರನ್ನು ಹೊದಿಕೆ ಬಿಚ್ಚದೆ ಕಳಿಸಿ, ಎರಡು ಮೂರು ಬ್ಯಾಚಿನದು ಕಳಿಸಿ. ಸೀಸ ಹೆಚ್ಚಾಗಿ ಕೊಯ್ಲಿನ ನಂತರ, ಬೀಜ ಒಣಹಾಕಿದಾಗ ಧೂಳಿನಿಂದ ಅಂಟುವುದು. ಒಣಗಿಸಿದ ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ವರದಿ ಬಂದ ಮೇಲೆ ಲೆಕ್ಕ ಸುಲಭ. ಪಿಪಿಎಂ ಅನ್ನು ತಿನ್ನುವ ಗ್ರಾಂನಿಂದ ಗುಣಿಸಿದರೆ ಮೈಕ್ರೋಗ್ರಾಂ: 0.05 × 30 = 1.5. ಇದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಿನದ ಮಿತಿಯಾದ 0.5ರ ಮೂರು ಪಟ್ಟು. ಗರ್ಭ ಧರಿಸುವ ವಯಸ್ಸಿನ ಮಹಿಳೆಯರಿಗೆ ಎಫ್‌ಡಿಎ ಇಟ್ಟ 8.8ರ ಆರನೇ ಒಂದು ಭಾಗದಷ್ಟು. ಕ್ಯಾಲಿಫೋರ್ನಿಯಾದ್ದು ಎಚ್ಚರಿಕೆಯ ಲೇಬಲ್‌ಗಾಗಿ, ತೊಂದರೆ ಕಾಣದ ಪ್ರಮಾಣವನ್ನು 1,000ದಿಂದ ಭಾಗಿಸಿ ಇಟ್ಟ ಮಿತಿ. ಹೀಗಾಗಿ ಆರೋಗ್ಯವಂತ ವಯಸ್ಕರು ವಾರಕ್ಕೆ ಒಂದೆರಡು ಸಲ 30 ಗ್ರಾಂ ತಿಂದರೆ ಗಾಬರಿ ಬೇಡ. ಪುಟ್ಟ ಮಕ್ಕಳಿಗೆ ಮಾತ್ರ ದಿನಾ ಕೊಡಲೇಬೇಡಿ: ಅವರ ಕರುಳು ಹೀರುವ ಸೀಸ ದೊಡ್ಡವರಿಗಿಂತ ಹಲವು ಪಟ್ಟು, ಕಬ್ಬಿಣ-ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಜಾಸ್ತಿ. ಗರ್ಭಿಣಿಯರೂ ಕೈ ಬಿಗಿ ಹಿಡಿಯಲಿ. ಪರೀಕ್ಷೆಯ ಖರ್ಚು ಬೇಡವೆಂದರೆ ಮಿಲ್ಕ್ ಚಾಕೊಲೇಟ್ ಆರಿಸಿ. ಕೋಕೋ ಕಡಿಮೆ ಇರುವುದರಿಂದ ಸೀಸವೂ ಸಾಮಾನ್ಯವಾಗಿ ಕಡಿಮೆ.